ಓದುಗರ ಪ್ರಶ್ನೆ: ಹೋಗಿ ಬರುವ ನೋವಿಗೆ ನಿಮ್ಮದೇ ಒಂದು ಹಾಳೆ

ಚಿಕ್ಕಬಳ್ಳಾಪುರ ಜಿಲ್ಲೆಯಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಕಟ ಹೇಳಿಕೊಂಡಿವೆ: ನೋವು ಹೋಗುತ್ತದೆ, ಮತ್ತೆ ಬರುತ್ತದೆ. ಐದು ಪತ್ರ ಆರಿಸಿದ್ದೇವೆ. ಮೊದಲನೆಯದಕ್ಕೆ ಉದ್ದ ಉತ್ತರ ಬರೆದಿದ್ದೇವೆ. ಸೊಂಟನೋವು ಇಲ್ಲದವರೂ ಅದನ್ನು ಓದಿಕೊಳ್ಳಿ, ದಿನಾ ಏನು ಮಾಡಬೇಕು, ನೋವು ಹೆಚ್ಚಾದರೆ ಏನು ಮಾಡಬೇಕು ಎಂದು ಹಾಳೆ ಬರೆದಿಟ್ಟುಕೊಳ್ಳುವ ಕ್ರಮ ಎಲ್ಲ ನೋವಿಗೂ ಅದೇ.

ಪ್ರಶ್ನೆ: ನನಗೆ 46 ವರ್ಷ. ಎರಡು ಎಕರೆ ಹಿಪ್ಪುನೇರಳೆ ಇದೆ. ಚಾಕಿ (ಮರಿ) ಹುಳು ತಂದು ಸಾಕುತ್ತೇವೆ, ವರ್ಷಕ್ಕೆ ಏಳು ಬೆಳೆ. ಮೂರು ವರ್ಷದಿಂದ ಸೊಂಟನೋವು. ಹುಳು ನಾಲ್ಕನೇ ಜ್ವರ (ಪೊರೆ ಬಿಡೋದು) ಎದ್ದ ಮೂರನೇ ದಿನಕ್ಕೆ ಸರಿಯಾಗಿ ಹಿಡಿದುಕೊಳ್ಳುತ್ತೆ. ಮೆಡಿಕಲ್ ಸ್ಟೋರಿನಿಂದ ಮಾತ್ರೆ ತಂದು ನುಂಗಿ, ಹಣ್ಣು ಹುಳು ಗೂಡು ಕಟ್ಟೋಕೆ ಚಂದ್ರಿಕೆಗೆ ಬಿಡೋವರೆಗೂ ಹೇಗೋ ತಳ್ಳುತ್ತೇನೆ. ಗೂಡು ಮಾರ್ಕೆಟ್ಟಿಗೆ ಹಾಕಿದ ಮೇಲೆ ಒಂದು ವಾರ ಮಲಗಿಬಿಡುತ್ತೇನೆ, ನೋವು ಹೋಗುತ್ತೆ. ಮುಂದಿನ ಬೆಳೆಗೆ ಮತ್ತದೇ ಕಥೆ. ಸ್ಕ್ಯಾನಿಂಗಿನಲ್ಲಿ ಡಿಸ್ಕ್ ಉಬ್ಬಿದೆ ಅಂತ ಬಂದಿದೆ. ಆಪರೇಷನ್ ಬೇಕಾ? ರೇಷ್ಮೆ ಬಿಟ್ಟುಬಿಡಬೇಕಾ?
— ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು

ಉತ್ತರ: ಮೊದಲು ಕೆಲವು ವಿಷಯ ಖಚಿತ ಮಾಡಿಕೊಳ್ಳಿ. ಮೂತ್ರ ಕಟ್ಟುವುದು ಅಥವಾ ಗೊತ್ತಿಲ್ಲದೆ ಹೋಗುವುದು, ಕೂರುವ ಜಾಗ ಮರಗಟ್ಟುವುದು, ಪಾದ ಎತ್ತಲಾಗದೆ ಎಡವುವುದು: ಇವುಗಳಲ್ಲಿ ಒಂದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಂಜೆ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಬೆನ್ನುಮೂಳೆಯ ಕ್ಷಯವೂ ಸೇರಿ ಬೇರೆ ಕಾರಣಗಳನ್ನು ಹುಡುಕಬೇಕು. ನಿಮ್ಮ ಪತ್ರದಲ್ಲಿ ಇವು ಯಾವುವೂ ಇಲ್ಲ. ಹಾಗಾಗಿ ಈಗಲೇ ಆಪರೇಷನ್ ಮಾತು ಬೇಡ, ರೇಷ್ಮೆ ಬಿಡುವ ಮಾತಂತೂ ಬೇಡವೇ ಬೇಡ.

ಸ್ಕ್ಯಾನಿಂಗ್ ವರದಿ ನೋಡಿ ಹೆದರಿದ್ದೀರಿ. ಡಿಸ್ಕ್ ಎಂದರೆ ಬೆನ್ನಿನ ಮೂಳೆಗಳ ನಡುವಿನ ಮೆತ್ತೆ. ಸೊಂಟನೋವೇ ಇಲ್ಲದವರನ್ನು ಸ್ಕ್ಯಾನ್ ಮಾಡಿದರೂ 50 ವರ್ಷದ ಆಸುಪಾಸಿನಲ್ಲಿ ನೂರರಲ್ಲಿ 60 ಜನರಿಗೆ ಡಿಸ್ಕ್ ಉಬ್ಬಿರುವುದು ಕಾಣುತ್ತದೆ, 20ರ ಹುಡುಗರಲ್ಲೇ 30 ಜನರಿಗೆ ಕಾಣುತ್ತದೆ. ತಲೆ ನರೆತ ಹಾಗೆ ಅದೂ ವಯಸ್ಸಿನ ಗುರುತು. ಆ ಉಬ್ಬು ವರ್ಷವಿಡೀ ಅಲ್ಲೇ ಇರುತ್ತದೆ, ನಿಮಗೆ ನೋವು ಬರುವುದು ಮಾತ್ರ ನಾಲ್ಕನೇ ಜ್ವರ ಎದ್ದ ಮೇಲೆ. ನಾವು ಹಿಡಿಯಬೇಕಾದ ಎಳೆ ಅದು.

ಹುಳು ತನ್ನ ಆಯುಷ್ಯದಲ್ಲಿ ತಿನ್ನುವ ಸೊಪ್ಪಿನ ನೂರಕ್ಕೆ 80ಕ್ಕಿಂತ ಹೆಚ್ಚು ಭಾಗವನ್ನು ನಾಲ್ಕನೇ ಜ್ವರದ ನಂತರದ ಏಳೆಂಟು ದಿನದಲ್ಲೇ ತಿಂದು ಮುಗಿಸುತ್ತದೆ. ಕೊಯ್ಯುವುದು, ಹೊರುವುದು, ಬಗ್ಗಿ ಹಾಸುವುದು ಒಮ್ಮೆಲೇ ಹಲವು ಪಟ್ಟು ಏರುತ್ತದೆ. ಅದಕ್ಕೆ ಮುಂಚೆ ನೀವು ಏನು ಮಾಡಿರುತ್ತೀರಿ? ಹಿಂದಿನ ಬೆಳೆ ಮುಗಿಸಿ ಒಂದು ವಾರ ಮಲಗಿರುತ್ತೀರಿ. ಬೆನ್ನಿನ ಸ್ನಾಯುಗಳಿಗೆ ಕೆಲಸ ತಪ್ಪಿದ ವಾರವೇ ಕಸುವು ಇಳಿಯಲು ಶುರುವಾಗುತ್ತದೆ. ಇಳಿದ ಕಸುವಿನ ಮೇಲೆ ಏರಿದ ಹೊರೆ ಬಿದ್ದರೆ ಮೂರನೇ ದಿನಕ್ಕೆ ಹಿಡಿದುಕೊಳ್ಳುವುದು ಸಹಜ. ನಿಮ್ಮ ನೋವಿನ ಬೀಜ ಬೀಳುವುದು ನೋವಿಲ್ಲದ ಆ ವಾರದಲ್ಲಿ.

ಹಾಗಾಗಿ ಮುಂದಿನ ಬೆಳೆಗೆ ಒಂದು ನೋಟ್‌ಬುಕ್ ಇಡಿ. ದಿನಕ್ಕೆ ಎರಡೇ ಸಲ, ಎದ್ದಾಗ ಮತ್ತು ಮಲಗುವಾಗ, ನೋವಿಗೆ 0ಯಿಂದ 10ರೊಳಗೆ ಅಂಕ ಕೊಡಿ. ಪಕ್ಕದಲ್ಲಿ ಆವತ್ತು ಮಾಡಿದ ಭಾರದ ಕೆಲಸ, ನಿದ್ದೆಯ ಗಂಟೆ, ನುಂಗಿದ ಮಾತ್ರೆ. ಗಂಟೆಗೊಮ್ಮೆ ಬರೆಯಬೇಡಿ. ನೋವಿನ ಕಡೆಗೇ ಗಮನ ಕೊಟ್ಟಷ್ಟೂ ನೋವು ದೊಡ್ಡದಾಗುತ್ತದೆ. ಎರಡು ವಾರ ಬರೆದರೆ ಸಾಕು, ಆಮೇಲೆ ವಾರಕ್ಕೊಂದು ಸಾಲು.

ಇನ್ನು ಅಳತೆ. ಬಗ್ಗಿ ಸೊಪ್ಪು ಹಾಸಲು ಶುರು ಮಾಡಿ ಎಷ್ಟು ನಿಮಿಷಕ್ಕೆ ಸೊಂಟ ಮಾತಾಡಲು ಶುರು ಮಾಡುತ್ತದೆ ಎಂದು ಮೂರು ದಿನ ನೋಡಿ. 22, 14, 18 ನಿಮಿಷ ಬಂತು ಎಂದುಕೊಳ್ಳಿ. ಸರಾಸರಿ 18. ಅದರಲ್ಲಿ ಐದನೇ ಒಂದು ಭಾಗ ಕಳೆಯಿರಿ, ಸುಮಾರು 14. ಇನ್ನು ಮುಂದೆ 14 ನಿಮಿಷಕ್ಕೆ ಮೊಬೈಲಿನಲ್ಲಿ ಅಲಾರಂ. ಹೊಡೆದ ಕೂಡಲೇ, ನೋವಿರಲಿ ಇಲ್ಲದಿರಲಿ, ನೆಟ್ಟಗೆ ನಿಂತು ಎರಡೂ ಅಂಗೈ ಸೊಂಟಕ್ಕೆ ಕೊಟ್ಟು ಐದು ಸಲ ಹಿಂದಕ್ಕೆ ಬಾಗಿ, ಮೂರು ನಿಮಿಷ ಓಡಾಡಿ, ಮತ್ತೆ ಕೆಲಸಕ್ಕೆ ಬನ್ನಿ. ವಾರಕ್ಕೆ ನೂರಕ್ಕೆ ಹತ್ತರಷ್ಟು ಏರಿಸಿ. ಅಂದರೆ 14 ಮುಂದಿನ ವಾರ 15 ಅಥವಾ 16, ಅದಕ್ಕಿಂತ ಹೆಚ್ಚಲ್ಲ.

ಹೆಚ್ಚಿನವರು ಸೋಲುವುದು ಇಲ್ಲೇ, ಅದೂ ನೋವಿನ ದಿನ ಅಲ್ಲ. ಆರಾಮಾಗಿರುವ ದಿನ ‘ಇವತ್ತು ಏನೂ ಇಲ್ಲ, ಎರಡು ಕಟ್ಟು ಜಾಸ್ತಿ ಹೊತ್ತುಬಿಡೋಣ’ ಅನ್ನಿಸುತ್ತದೆ. ಅಲಾರಂ ಆಫ್ ಆಗುತ್ತದೆ. ಮಾರನೇ ದಿನ ಏಳಲಾಗುವುದಿಲ್ಲ. ನೋವಿನ ದಿನಕ್ಕಿಂತ ಒಳ್ಳೆಯ ದಿನವೇ ಹೆಚ್ಚು ಎಚ್ಚರವಾಗಿರಿ.

ಸೊಪ್ಪಿನ ಕಟ್ಟನ್ನು ಅರ್ಧ ಮಾಡಿ, ಎರಡು ಸಲ ತನ್ನಿ. ರ‍್ಯಾಕಿನ ಕೆಳಗಿನ ಅಂತಸ್ತಿಗೆ ಸೊಪ್ಪು ಹಾಕುವಾಗ ಸೊಂಟ ಬಗ್ಗಿಸುವ ಬದಲು ಒಂದು ಮಂಡಿ ನೆಲಕ್ಕೂರಿ, ಕೆಳಗೆ ಮಡಚಿದ ಗೋಣಿಚೀಲ ಇರಲಿ. ಭಾರ ಹಿಡಿದುಕೊಂಡು ಸೊಂಟ ತಿರುಗಿಸಬೇಡಿ, ಪಾದ ಸಮೇತ ತಿರುಗಿ.

ಬೆಳೆ ಇಲ್ಲದ ವಾರ ಮಲಗುವುದು ನಿಲ್ಲಬೇಕು. ಒಂದು ದಿನದ ವಿಶ್ರಾಂತಿ ಧಾರಾಳ ಸಾಕು. ಎರಡನೇ ದಿನದಿಂದ 20 ನಿಮಿಷ ನಡಿಗೆ, ಜೊತೆಗೆ ಮೂರು ವ್ಯಾಯಾಮ. ಮಲಗಿ ಮಂಡಿ ಮಡಚಿ ಸೊಂಟ ಎತ್ತಿ ಐದು ಎಣಿಸಿ ಇಳಿಸುವುದು, 8 ಸಲ. ಅಂಬೆಗಾಲಿನಲ್ಲಿ ನಿಂತು ಬೆನ್ನನ್ನು ಬೆಕ್ಕಿನ ಹಾಗೆ ಮೇಲಕ್ಕೆ ಬಿಲ್ಲು ಮಾಡಿ ಮತ್ತೆ ತಗ್ಗಿಸುವುದು, 10 ಸಲ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, 10 ಸಲ. ಮಾಡುವಾಗ ಒಂದಿಷ್ಟು ನೋವಾದರೆ ಪರವಾಗಿಲ್ಲ. ಮಾರನೇ ಬೆಳಿಗ್ಗೆಯೂ ಅಂಕ ಎರಡಕ್ಕಿಂತ ಹೆಚ್ಚು ಏರಿ ನಿಂತಿದ್ದರೆ ಎಣಿಕೆ ಅರ್ಧಕ್ಕಿಳಿಸಿ, ನಿಲ್ಲಿಸಬೇಡಿ. ಹುಳು ಜ್ವರಕ್ಕೆ ಕೂತ ದಿನ ಸೊಪ್ಪು ಹಾಕುವಂತಿಲ್ಲವಲ್ಲ, ಆವತ್ತೂ ಇವನ್ನು ತಪ್ಪಿಸಬೇಡಿ.

ಈಗ ಮಾತ್ರೆ. ಮೂರನೇ ದಿನದಿಂದ ಬೆಳೆಗೆ ಸುಮಾರು ಆರು ದಿನ ಎಂದರೆ ಏಳು ಬೆಳೆಗೆ ವರ್ಷಕ್ಕೆ 42 ದಿನ ನೀವು ನೋವಿನ ಮಾತ್ರೆ ಮೇಲಿದ್ದೀರಿ. ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ಒಂದೇ ಬಳಗದವು. ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು, ಬಿ.ಪಿ. ಏರಿಕೆ ಈ ಬಳಗದಿಂದ ಬರುತ್ತವೆ. ನೀರು ಕುಡಿಯಲು ಪುರುಸೊತ್ತಿಲ್ಲದೆ ಬೆವರುವ ದಿನಗಳಲ್ಲಿ ಮೂತ್ರಪಿಂಡದ ಅಪಾಯ ಇನ್ನೂ ಹೆಚ್ಚು. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು ಓದಿ. ಬೇರೆ ಬೇರೆ ಬಣ್ಣದ ಎರಡು ಸ್ಟ್ರಿಪ್ಪಿನಲ್ಲಿ ಒಂದೇ ಔಷಧ ಇರುವುದು ಮಾಮೂಲು, ಗೊತ್ತಾಗದೆ ಎರಡನ್ನೂ ನುಂಗುವವರು ಬಹಳ. ಜೊತೆಯಲ್ಲಿ ಪ್ಯಾರಸಿಟಮಾಲ್ ಸೇರಿದ್ದರೆ ಅದೂ ಲೆಕ್ಕಕ್ಕೆ ಬರಬೇಕು. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಗರಿಷ್ಠ ಮಿತಿ, ಕುಡಿಯುವವರಿಗೆ, ಲಿವರ್ ತೊಂದರೆ ಇರುವವರಿಗೆ ಇನ್ನೂ ಕಡಿಮೆ. ಹೆಸರಿಲ್ಲದ ಪೊಟ್ಟಣದಲ್ಲಿ ಕಟ್ಟಿಕೊಡುವ ಮಾತ್ರೆ, ಪುಡಿ ಬೇಡ, ಅದರಲ್ಲಿ ಸ್ಟೀರಾಯ್ಡ್ ಇರಬಹುದು. ಒಮ್ಮೆ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡದ ಸ್ಥಿತಿ ತೋರಿಸುವ ಪರೀಕ್ಷೆ) ಮತ್ತು ಬಿ.ಪಿ. ನೋಡಿಸಿ, ಯಾವ ಮಾತ್ರೆ, ಎಷ್ಟು ದಿನ ಎಂದು ವೈದ್ಯರ ಕೈಯಲ್ಲೇ ಬರೆಸಿಕೊಳ್ಳಿ.

ಇಷ್ಟಾದ ಮೇಲೆ ಹಾಳೆ. ನಿಮ್ಮದು ಹೆಚ್ಚುಕಡಿಮೆ ಹೀಗಿರಬಹುದು. ಇದನ್ನು ಹುಳದ ಮನೆಯ ಬಾಗಿಲ ಹಿಂದೆ ಅಂಟಿಸಿ, ಮನೆಯವರೆಲ್ಲರಿಗೂ ಕಾಣಲಿ:

‘ನನ್ನ ಗುರಿ: ಬೆಳೆ ಮುಗಿಯುವವರೆಗೂ ನನ್ನ ಪಾಲಿನ ಸೊಪ್ಪು ನಾನೇ ಹಾಕುವುದು.
ಪ್ರತಿದಿನ: 20 ನಿಮಿಷ ನಡಿಗೆ, ಮೂರು ವ್ಯಾಯಾಮ, ಹತ್ತು ಗಂಟೆಗೆ ನಿದ್ದೆ.
ಬಗ್ಗಿ ಕೆಲಸ: 14 ನಿಮಿಷ, ಅಲಾರಂ.
ಅಂಕ 6 ದಾಟಿದರೆ: ಎರಡು ದಿನ ಅರ್ಧ ಕೆಲಸ. ಹೊರುವುದು ತಮ್ಮ. ಬೆನ್ನ ಮೇಲೆ ಮಲಗಿ ಮೀನಖಂಡ ಕುರ್ಚಿ ಮೇಲಿಟ್ಟು 10 ನಿಮಿಷ, ದಿನಕ್ಕೆ ಮೂರು ಸಲ. ಶಾಖ 15 ನಿಮಿಷ. ಡಾಕ್ಟರು ಬರೆದ ಮಾತ್ರೆ, ಊಟ ಆದ ಮೇಲೆ.
ಮೂರನೇ ದಿನ: ಮುಕ್ಕಾಲು ಕೆಲಸ. ಐದನೇ ದಿನ: ಪೂರ್ತಿ.
ಕಾಲು ಮರಗಟ್ಟಿದರೆ, ಮೂತ್ರ ಕಟ್ಟಿದರೆ: ತಕ್ಷಣ ಆಸ್ಪತ್ರೆ.’

ಗುರಿಯ ಜಾಗದಲ್ಲಿ ‘ನೋವು ಸೊನ್ನೆಯಾಗಬೇಕು’ ಎಂದು ಬರೆಯಬೇಡಿ. ಮೂರು ವರ್ಷದ ನೋವು ಪೂರ್ತಿ ಹೋಗುವ ದಿನ ಕಾಯುತ್ತಾ ಕೂತರೆ ಕೆಲಸವೂ ಹೋಗುತ್ತದೆ. ಮಾಡಬಲ್ಲ ಕೆಲಸ ಹೆಚ್ಚುತ್ತಾ ಹೋದಂತೆ ಅಂಕ ತಾನಾಗಿ ಇಳಿಯುವುದುಂಟು. ಮೂರು ಬೆಳೆ ಹೀಗೆ ನಡೆಸಿ, ಆಮೇಲೂ ಬದಲಾಗದಿದ್ದರೆ ಆ ನೋಟ್‌ಬುಕ್ ಸಮೇತ ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಿ. ಸ್ಕ್ಯಾನಿಂಗ್ ಫಿಲ್ಮಿಗಿಂತ ಅವರಿಗೆ ಆ ನೋಟ್‌ಬುಕ್ಕೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಪ್ರಶ್ನೆ: ಗಾರ್ಮೆಂಟ್ಸಿನಲ್ಲಿ ಟೈಲರ್. ವಯಸ್ಸು 34. ಬೆಳಿಗ್ಗೆ ಆರೂವರೆಗೆ ಮನೆ ಬಿಡಬೇಕು, ತಿಂಡಿ ಆಗಲ್ಲ. ಹತ್ತು ವರ್ಷದಿಂದ ಒಂದು ಕಡೆ ತಲೆನೋವು, ವಾಂತಿ. ಮೊದಲು ತಿಂಗಳಿಗೆ ಎರಡು ಸಲ ಬರುತ್ತಿತ್ತು, ಈಗ ದಿನ ಬಿಟ್ಟು ದಿನ. ಮಾತ್ರೆ ಪರ್ಸಿನಲ್ಲೇ ಇರುತ್ತೆ, ತಿಂಗಳಲ್ಲಿ 18-20 ದಿನ ನುಂಗುತ್ತೇನೆ. ಮೊದಲಿನ ಹಾಗೆ ಕೇಳುತ್ತಿಲ್ಲ.
— ಓದುಗರು, ಗೌರಿಬಿದನೂರು

ಉತ್ತರ: ನಿಮಗೆ ಮೊದಲಿಂದ ಇದ್ದದ್ದು ಮೈಗ್ರೇನ್ ಇರಬೇಕು. ಈಗ ಅದರ ಮೇಲೆ ಮಾತ್ರೆಯದೇ ತಲೆನೋವು ಕೂತಿರುವ ಸಂಭವ ಹೆಚ್ಚು. ತಲೆನೋವು ಇರುವವರು ಪ್ಯಾರಸಿಟಮಾಲ್‌ನಂಥ ಬರಿಯ ನೋವಿನ ಮಾತ್ರೆಯನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಕೆಫೀನ್, ಎರ್ಗೋಟಮೈನ್ ಸೇರಿದ ಮಾತ್ರೆಯನ್ನು 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗಿದರೆ ಮಿದುಳು ಮಾತ್ರೆಗೆ ಒಗ್ಗಿಕೊಂಡು, ಮಾತ್ರೆಯ ಪ್ರಭಾವ ಇಳಿದಾಗೆಲ್ಲ ನೋವು ಹುಟ್ಟಿಸುತ್ತದೆ. ಇದು ನಿಮ್ಮ ತಪ್ಪಲ್ಲ. ಇದನ್ನು ಯಾರೂ ನಿಮಗೆ ಹೇಳಿರುವುದಿಲ್ಲ.

ಪರಿಹಾರ ಎಂದರೆ ಆ ಮಾತ್ರೆ ನಿಲ್ಲಿಸುವುದು. ನಿಲ್ಲಿಸಿದ ಮೇಲೆ ಎರಡರಿಂದ ಹತ್ತು ದಿನ ತಲೆನೋವು ಜಾಸ್ತಿಯಾಗುತ್ತದೆ. ಹೆಚ್ಚಿನವರು ‘ನಿಲ್ಲಿಸಿದ್ದಕ್ಕೇ ಹೀಗಾಯಿತು’ ಎಂದು ಹಳೇ ಮಾತ್ರೆಗೆ ಮರಳುವುದು ಆಗಲೇ. ಆದ್ದರಿಂದ ಒಬ್ಬರೇ ಶುರು ಮಾಡಬೇಡಿ. ಫಿಜಿಷಿಯನ್ ಅಥವಾ ನರರೋಗ ತಜ್ಞರನ್ನು ಕಂಡು, ತಡೆಗಟ್ಟುವ ಮಾತ್ರೆ ಬರೆಸಿಕೊಂಡು, ಎರಡು ಮೂರು ದಿನ ರಜೆ ಇರುವ ಕಡೆ ದಿನಾಂಕ ಗೊತ್ತು ಮಾಡಿಕೊಳ್ಳಿ. ನಿದ್ದೆ ಮಾತ್ರೆ ಅಥವಾ ಕೊಡೀನ್, ಟ್ರಮಡಾಲ್ ಇರುವ ಮಾತ್ರೆ ನುಂಗುತ್ತಿದ್ದರೆ ಅವನ್ನು ಒಮ್ಮೆಲೇ ಬಿಡಲೇಬಾರದು, ವೈದ್ಯರು ಹೇಳಿದ ಹಾಗೆ ಇಳಿಸಬೇಕು.

ಆಮೇಲೆ ಕ್ಯಾಲೆಂಡರ್ ನಿಮ್ಮ ಹಾಳೆ. ತಲೆನೋವಿನ ದಿನಕ್ಕೆ ಗೀಟು, ಮಾತ್ರೆ ನುಂಗಿದ ದಿನಕ್ಕೆ ಸುತ್ತು, ಮುಟ್ಟಿನ ದಿನಕ್ಕೆ ಚುಕ್ಕೆ. ವಾರಕ್ಕೆ ಎರಡು ಸುತ್ತಿಗಿಂತ ಹೆಚ್ಚು ಬೀಳಬಾರದು. ಮಾತ್ರೆ ತೆಗೆದುಕೊಳ್ಳುವ ದಿನ ಮಾತ್ರ ಬೇಗ ತೆಗೆದುಕೊಳ್ಳಿ, ನೋವು ಶುರುವಾದ ಅರ್ಧ ಗಂಟೆಯೊಳಗೆ. ವಾಂತಿ ಶುರುವಾದ ಮೇಲೆ ಹೊಟ್ಟೆ ಮಾತ್ರೆಯನ್ನು ಹೀರಿಕೊಳ್ಳುವುದೇ ನಿಧಾನ. ತಿಂಡಿಯ ಮಾತು: ರಾತ್ರಿಯೇ ಡಬ್ಬಿಗೆ ಎರಡು ಚಪಾತಿ ಹಾಕಿಟ್ಟು ಬಸ್ಸಿನಲ್ಲಿ ತಿನ್ನಿ, ಬಾಳೆಹಣ್ಣಾದರೂ ಸರಿ. ರಾತ್ರಿ ಎಂಟರ ಊಟದಿಂದ ಮಧ್ಯಾಹ್ನ ಒಂದರವರೆಗೆ 17 ಗಂಟೆ ಖಾಲಿ ಹೊಟ್ಟೆ, ಮೈಗ್ರೇನಿಗೆ ಇದಕ್ಕಿಂತ ದೊಡ್ಡ ಆಹ್ವಾನ ಬೇಡ. ಭಾನುವಾರ ಹತ್ತರವರೆಗೆ ಮಲಗುವುದೂ ಬೇಡ, ಏಳುವ ಹೊತ್ತು ಒಂದೇ ಇರಲಿ.

ಸಿಡಿಲು ಹೊಡೆದಂತೆ ಒಂದೇ ನಿಮಿಷದಲ್ಲಿ ಏರುವ ತಲೆನೋವು, ಜ್ವರದ ಜೊತೆ ಕತ್ತು ಬಿಗಿತ, ಮಾತು ತೊದಲುವುದು, ಒಂದು ಕಡೆ ಕೈಕಾಲು ಸೋಲುವುದು: ಇವಕ್ಕೆ ಕ್ಯಾಲೆಂಡರ್ ಅಲ್ಲ, ಆಂಬುಲೆನ್ಸ್, 108.

ಪ್ರಶ್ನೆ: ನಮ್ಮತ್ತೆಗೆ 63, ತೂಕ 74 ಕೆ.ಜಿ., ಶುಗರ್ ಇದೆ. ಎರಡೂ ಮಂಡಿ ನೋವು. ಟೌನಿನಲ್ಲಿ ಮಂಡಿಗೆ ಇಂಜೆಕ್ಷನ್ ಹಾಕಿಸಿದರೆ ಎರಡು ತಿಂಗಳು ಆರಾಮ, ಆಮೇಲೆ ಮತ್ತೆ. ಎರಡು ಹಸು ಹಾಲು ಅವರೇ ಕರೆಯೋದು. ನಮ್ಮ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಅಂತಾರೆ, ಅದಕ್ಕೇನಾದರೂ ನೋವಾ?
— ಓದುಗರು, ಬಾಗೇಪಲ್ಲಿ ತಾಲ್ಲೂಕು

ಉತ್ತರ: ನೀರಿನ ಅನುಮಾನ ಸರಿಯಾದ ಅನುಮಾನ. ನಿಮ್ಮ ಜಿಲ್ಲೆಯ, ಕೋಲಾರದ, ಪಾವಗಡ ಕಡೆಯ ಆಳದ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಹಳೆಯ ಸಮಸ್ಯೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಇಲ್ಲವೇ ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಕ್ಕೆ ಶುದ್ಧ ಪ್ಲಾಸ್ಟಿಕ್ ಬಾಟಲಿಯಲ್ಲಿ ಒಂದು ಲೀಟರ್ ಕೊಟ್ಟು ಪರೀಕ್ಷೆ ಮಾಡಿಸಿ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನೂ ಗಟ್ಟಿಯಾಗುತ್ತದೆ. ಹೆಚ್ಚಿದ್ದರೆ ಶುದ್ಧ ನೀರಿನ ಘಟಕದ ಕ್ಯಾನ್ ನೀರನ್ನು ಕುಡಿಯಲು ಮಾತ್ರವಲ್ಲ, ಅನ್ನ, ಮುದ್ದೆ, ಸಾರಿಗೂ ಬಳಸಬೇಕು. ಕುಡಿಯಲು ಕ್ಯಾನ್ ನೀರು, ಅಡುಗೆಗೆ ಬೋರ್ ನೀರು ಎಂದು ಮಾಡುವ ಮನೆಗಳೇ ಹೆಚ್ಚು, ಅಲ್ಲಿ ಅರ್ಧ ಲಾಭ ಕೈಬಿಡುತ್ತದೆ.

ಅತ್ತೆಯವರಿಗೆ ಮೂರು ಮಾಡಲು ಹೇಳಿ: ಗಲ್ಲ ಎದೆಗೆ ಮುಟ್ಟಿಸುವುದು, ಎರಡೂ ಕೈ ತಲೆಯ ಹಿಂದಕ್ಕೆ ಒಯ್ಯುವುದು, ಮಂಡಿ ಮಡಚದೆ ಬಗ್ಗಿ ಕಾಲ್ಬೆರಳು ಮುಟ್ಟುವುದು. ಕತ್ತು, ಬೆನ್ನು ಎಲ್ಲ ಬಿಗಿದು ಮೂರೂ ಆಗದಿದ್ದರೆ ಫ್ಲೋರೈಡ್ ಹೆಚ್ಚಾಗಿ ಬರುವ ಫ್ಲೋರೋಸಿಸ್ ಬಗ್ಗೆ ವೈದ್ಯರಲ್ಲಿ ಕೇಳಿ. ಕತ್ತು, ತೋಳು ಸಲೀಸಾಗಿ ಆಡಿ ಮಂಡಿ ಮಾತ್ರ ನೋವಾದರೆ ಅದು ಕೀಲಿನ ಸವೆತವೇ ಇರಬೇಕು.

ಸವೆತಕ್ಕೆ ಮದ್ದು ತೊಡೆಯ ಮುಂಭಾಗದ ಸ್ನಾಯು. ಕಾಲು ನೀಡಿ ಕೂತು, ಸುರುಳಿ ಸುತ್ತಿದ ಟವೆಲ್ ಮಂಡಿಯ ಕೆಳಗಿಟ್ಟು, ಅದನ್ನು ನೆಲಕ್ಕೆ ಒತ್ತಿ ಐದು ಎಣಿಸಿ ಬಿಡಬೇಕು. 10 ಸಲ, ಎರಡೂ ಕಾಲಿಗೆ, ಬೆಳಿಗ್ಗೆ ಸಂಜೆ. ಒಂದು ವಾರದ ಮೇಲೆ ಮಲಗಿಕೊಂಡು ನೀಡಿದ ಕಾಲನ್ನು ಒಂದು ಗೇಣು ಎತ್ತಿ ಐದು ಎಣಿಸುವುದು. ಗುಣ ಕಾಣಲು ಆರರಿಂದ ಎಂಟು ವಾರ ಬೇಕು. ಎರಡನೇ ವಾರಕ್ಕೆ ‘ಏನೂ ಆಗಲಿಲ್ಲ’ ಎಂದು ಬಿಡುವವರೇ ಹೆಚ್ಚು, ನೀವು ಸೊಸೆಯಾಗಿ ಜೊತೆಗೆ ಕೂತು ಎಣಿಸಿ.

ಹಾಲು ಕರೆಯಲು ಕುಕ್ಕರುಗಾಲು ಬಿಡಿಸಿ, ಒಂದಡಿ ಎತ್ತರದ ಸ್ಟೂಲ್ ಕೊಡಿ. ಊಟಕ್ಕೆ ಕುರ್ಚಿ, ಕಕ್ಕಸಿಗೆ ಕಮೋಡ್ ಅಥವಾ ಮೇಲಿಡುವ ಕಮೋಡ್ ಕುರ್ಚಿ. ತೂಕ 1 ಕೆ.ಜಿ. ಇಳಿದರೆ ಹೆಜ್ಜೆ ಹೆಜ್ಜೆಗೂ ಮಂಡಿಯ ಮೇಲಿನ ಭಾರ 4 ಕೆ.ಜಿ.ಯಷ್ಟು ಇಳಿಯುತ್ತದೆ, 5 ಕೆ.ಜಿ. ಇಳಿಸಿದರೆ 20. ಊರುಗೋಲು ಹಿಡಿಯುವುದಾದರೆ ಹೆಚ್ಚು ನೋಯುವ ಮಂಡಿಯ ಎದುರು ಕೈಯಲ್ಲಿ, ಬಲ ಮಂಡಿ ನೋವಾದರೆ ಎಡಗೈ.

ಮಾತ್ರೆಗಿಂತ ಮೊದಲು ಡೈಕ್ಲೋಫೆನಾಕ್ ಜೆಲ್ ನೋಡಿ. ಕಾಳಿನಷ್ಟು ಹಚ್ಚಿದರೆ ಸಾಲದು. ಒಂದು ಮಂಡಿಗೆ ಒಂದು ಸಲಕ್ಕೆ 2ರಿಂದ 4 ಗ್ರಾಂ, ದಿನಕ್ಕೆ ಮೂರು ಸಲ. 30 ಗ್ರಾಂ ಟ್ಯೂಬ್ ಒಂದು ತಿಂಗಳು ಬರುತ್ತಿದ್ದರೆ ಹಚ್ಚುತ್ತಿರುವುದು ಏನೇನೂ ಸಾಲದು ಎಂದರ್ಥ. ಅದರ ಮೇಲೆ ಶಾಖ ಕೊಡಬೇಡಿ. ಆ ಇಂಜೆಕ್ಷನ್ ಸ್ಟೀರಾಯ್ಡ್ ಇರಬಹುದು, ಚೀಟಿ ಕೇಳಿ ಪಡೆಯಿರಿ. ಹಾಕಿಸಿದ ಮೇಲೆ ಕೆಲವು ದಿನ ಶುಗರ್ ಏರುತ್ತದೆ, ಎರಡೆರಡು ತಿಂಗಳಿಗೆ ಹಾಕಿಸುತ್ತಾ ಹೋದರೆ ಮೃದ್ವಸ್ಥಿ (ಕೀಲಿನಲ್ಲಿ ಮೂಳೆ ತುದಿಯ ಮೆತ್ತನೆ ಪದರ) ಇನ್ನೂ ಸವೆಯುತ್ತದೆ. ಮಂಡಿ ಕೆಂಪಾಗಿ ಊದಿ ಜ್ವರ ಬಂದರೆ ಅದೇ ದಿನ ಆಸ್ಪತ್ರೆ.

ಪ್ರಶ್ನೆ: 29 ವರ್ಷ. ಎರಡು ವರ್ಷದಿಂದ ಕತ್ತು, ಭುಜ, ಬೆನ್ನು, ಒಂದಲ್ಲ ಒಂದು ಕಡೆ ನೋವು. ರಿಪೋರ್ಟ್ ಎಲ್ಲ ನಾರ್ಮಲ್. ಮನೆಯಲ್ಲಿ ನಾಟಕ ಅಂತಾರೆ. ನನಗೇ ಹುಚ್ಚು ಹಿಡಿದಿದೆಯೇನೋ ಅನ್ನಿಸುತ್ತೆ.
— ಓದುಗರು, ಚಿಂತಾಮಣಿ

ಉತ್ತರ: ನಿಮಗೆ ಹುಚ್ಚಿಲ್ಲ, ನೋವು ನಾಟಕವೂ ಅಲ್ಲ. ಮೂರು ತಿಂಗಳು ಮೀರಿದ ನೋವಿನಲ್ಲಿ ಎಷ್ಟೋ ಸಲ ಗಾಯ ಆರಿರುತ್ತದೆ, ನರಮಂಡಲ ಮಾತ್ರ ಎಚ್ಚರ ತಪ್ಪದೆ ಸಣ್ಣ ಸ್ಪರ್ಶಕ್ಕೂ ಕೂಗುತ್ತಿರುತ್ತದೆ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಡಿ ಮತ್ತು ಬಿ12 ನೋಡಿಸಿಲ್ಲದಿದ್ದರೆ ಒಮ್ಮೆ ನೋಡಿಸಿ. ಮೊದಲ ಉತ್ತರದಲ್ಲಿ ಹೇಳಿದ ಅಳತೆಯ ಕ್ರಮವನ್ನೇ ಹಿಡಿಯಿರಿ, ಆದರೆ ತೀರಾ ಕಡಿಮೆಯಿಂದ: ಐದು ನಿಮಿಷದ ನಡಿಗೆ, ವಾರಕ್ಕೊಂದು ನಿಮಿಷ ಹೆಚ್ಚು. ಹಾಳೆಯಲ್ಲಿ ಮನೆಯವರಿಗೂ ಒಂದು ಸಾಲಿರಲಿ: ‘ನೋವು ಹೆಚ್ಚಾದ ದಿನ ನೀರು ಸೇದುವುದು, ಬಟ್ಟೆ ಹಿಂಡುವುದು ನೀವು, ಒಲೆ ಮುಂದಿನ ಕೆಲಸ ನಾನು.’ ‘ಸಹಾಯ ಮಾಡಿ’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಕೆಲಸದ ಹೆಸರು ಹೇಳಿದರೆ ಮಾಡುತ್ತಾರೆ. ನಿದ್ದೆ ಬಾರದಿದ್ದರೆ, ಬದುಕು ಸಾಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಪ್ರಶ್ನೆ: ನೋವಿಗೆ ಉಪ್ಪಿನ ಶಾಖ ಒಳ್ಳೆಯದೋ, ಐಸೋ?
— ಓದುಗರು, ಗುಡಿಬಂಡೆ

ಉತ್ತರ: ಉಳುಕಿ ಊದಿದ ಮೊದಲ ಎರಡು ದಿನ ಐಸ್, ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ. ಹಳೆಯ, ಬಿಗಿತದ ನೋವಿಗೆ ಶಾಖ. ಅರ್ಧ ಕೆ.ಜಿ. ಕಲ್ಲುಪ್ಪನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಹಳೇ ಕಾಟನ್ ಪಂಚೆಯ ಎರಡು ಪದರದಲ್ಲಿ ಗಂಟು ಕಟ್ಟಿ. ಉಪ್ಪು, ನೀರಿಗಿಂತ ಬಹಳ ಹೆಚ್ಚು ಕಾಯುತ್ತದೆ, ನೀರಿನ ಚೀಲದಲ್ಲಿ ಸುಡದವರಿಗೂ ಇದರಲ್ಲಿ ಬೊಕ್ಕೆ ಏಳುತ್ತದೆ. ಗಂಟನ್ನು ಮೊದಲು ಮುಂಗೈ ಒಳಭಾಗಕ್ಕೆ ಹತ್ತು ಎಣಿಸುವವರೆಗೆ ಇಟ್ಟು ನೋಡಿ, ತಡೆದುಕೊಳ್ಳಲು ಆದರೆ ಮಾತ್ರ ನೋವಿನ ಜಾಗಕ್ಕೆ. 15 ನಿಮಿಷ ಸಾಕು, ಇಟ್ಟುಕೊಂಡೇ ನಿದ್ದೆ ಹೋಗಬೇಡಿ. ಚರ್ಮದ ಮೇಲೆ ಬಲೆ ಹೆಣೆದಂತೆ ಕಂದು ಗೆರೆ ಬಿದ್ದಿದ್ದರೆ ಶಾಖ ಅತಿಯಾಗಿದೆ ಎಂದರ್ಥ, ಕೆಲವು ವಾರ ಬಿಡಿ. ಶುಗರ್ ಇದ್ದು ಪಾದ ಜೋಮು ಹಿಡಿಯುವವರು ಪಾದಕ್ಕೆ ಉಪ್ಪಿನ ಶಾಖ, ಬಿಸಿನೀರಿನ ಚೀಲ ಎರಡನ್ನೂ ಮುಟ್ಟಿಸಬಾರದು. ಸುಟ್ಟದ್ದು ಅವರಿಗೆ ಗೊತ್ತಾಗುವುದಿಲ್ಲ.